ರೇಷ್ಮೆ ಮಗ್ಗದಿಂದ ಕಂಪ್ಯೂಟರಿನವರೆಗೆ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಎಂಟನೇ ತರಗತಿಯಲ್ಲಿದ್ದಾಗ ಶಾಲೆಗೆ ಕಂಪ್ಯೂಟರ್ ಬಂತು. ಬಂದ ವಾರವೇ ಆ ಕೋಣೆಗೆ ಬೀಗ ಬಿತ್ತು. ಕಿಟಕಿಯಿಂದ ಇಣುಕಿದರೆ ಬಟ್ಟೆ ಹೊದ್ದು ಕುಳಿತಿರುವುದು ಕಾಣುತ್ತಿತ್ತು. ಬೀಗ ಹಾಕಿದ ಮೇಷ್ಟ್ರನ್ನು ನಾನು ದೂರುವುದಿಲ್ಲ. ಕೆಟ್ಟರೆ ರಿಪೇರಿಗೆ ದುಡ್ಡು ಎಲ್ಲಿಂದ ತರುವುದು ಎಂಬ ಚಿಂತೆ ಅವರದು. ಆದರೆ 'ಇದು ಇಂಗ್ಲಿಷ್ ಬಲ್ಲವರ ಸಾಮಾನು, ನಮ್ಮಂಥವರದಲ್ಲ' ಎಂಬ ಅಳುಕು ನನ್ನಲ್ಲಿ ಉಳಿದುಬಿಟ್ಟಿತು. ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಅದು ಹೋಗಿರಲಿಲ್ಲ.

ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿದ್ದಾಗ, ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ನೋಡಿದೆ. ಐಬಿಎಂ ಕಂಪನಿ 1959ರಲ್ಲಿ ಹೊರತಂದ 1401 ಎಂಬ ಕಂಪ್ಯೂಟರ್ ಅಲ್ಲಿದೆ. ಬೀರುಗಳನ್ನು ಸಾಲಾಗಿ ಇಟ್ಟಷ್ಟು ದೊಡ್ಡದು. ಆ ಮಾದರಿಯ ನೆನಪಿನ ಶಕ್ತಿ ಹೆಚ್ಚೆಂದರೆ 16,000 ಅಕ್ಷರ. ಈ ಸಂಚಿಕೆಯ ಏಳೆಂಟು ಪುಟಕ್ಕೆ ತುಂಬಿಹೋಗುತ್ತದೆ! ನಿವೃತ್ತ ಎಂಜಿನಿಯರುಗಳು ಸಂಬಳವಿಲ್ಲದೆ ದುಡಿದು ಅದನ್ನು ರಿಪೇರಿ ಮಾಡಿ ನಡೆಸುತ್ತಿದ್ದಾರೆ. ತಲೆ ನರೆತ ಒಬ್ಬರು ನನ್ನನ್ನು ಕಾರ್ಡ್ ತೂತು ಮಾಡುವ ಯಂತ್ರದ ಮುಂದೆ ಕೂರಿಸಿ, 'ಹೆಸರು ಒತ್ತಿ' ಎಂದರು. ಒಂದೊಂದು ಅಕ್ಷರಕ್ಕೂ ಕಾರ್ಡಿನಲ್ಲಿ ಟಕ್ಕೆಂದು ತೂತು ಬಿತ್ತು.

ಕಾರ್ಡು ಕೈಗೆ ಬಂದಾಗ, ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಕೊಳ್ಳೇಗಾಲಕ್ಕೆ ರೇಷ್ಮೆಗೂಡು ಮಾರಲು ಹೋಗಿದ್ದಾಗ, ನೇಕಾರರ ಮನೆಯೊಂದರ ಮಗ್ಗದ ಮೇಲೆ ಇಂಥದೇ ತೂತಿನ ರಟ್ಟುಗಳ ಮಾಲೆ ತೂಗುತ್ತಿತ್ತು. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಿದ್ದಲ್ಲಿ ಏಳುವುದಿಲ್ಲ. ಹಾಗೆ ಸೀರೆಯಲ್ಲಿ ಹೂಬಳ್ಳಿ ಮೂಡುತ್ತದೆ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ರೇಷ್ಮೆ ನೇಯಲೆಂದೇ ಮಾಡಿದ ಮಗ್ಗ ಅದು. ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಆ ಉಪಾಯವನ್ನೇ ತೆಗೆದುಕೊಂಡ. ಹಾಲೆರಿತ್ 1890ರ ಅಮೆರಿಕದ ಜನಗಣತಿಯನ್ನು ತೂತಿನ ಕಾರ್ಡುಗಳಿಂದಲೇ ಎಣಿಸಿದ. ಅವನ ಕಂಪನಿಯೂ ಸೇರಿ ಮುಂದೆ ಐಬಿಎಂ ಆಯಿತು.

ಅಲ್ಲಿಗೆ ನನ್ನ ಅಳುಕು ಹೋಯಿತು. ನಮ್ಮ ಮನೆಯ ಚಂದ್ರಂಕಿಯಲ್ಲಿ ಗೂಡು ಕಟ್ಟಿದ್ದು ರೇಷ್ಮೆಹುಳುವೇ. ತಿ. ನರಸೀಪುರದ ಸರ್ಕಾರಿ ಕಾರ್ಖಾನೆಯಲ್ಲಿ ಬಿಚ್ಚಿದ ನೂಲು ಮೈಸೂರಿನಲ್ಲಿ ಸೀರೆಯಾಗುತ್ತದೆ. ಕಂಪ್ಯೂಟರಿನ ಪೂರ್ವಿಕರಲ್ಲಿ ಒಬ್ಬರು ನಮ್ಮ ಕಸುಬಿನವರೇ ಆಗಿದ್ದರು!

ಅಲ್ಲಿ ನನ್ನ ಹೆಸರನ್ನು ಇಂಗ್ಲಿಷಿನಲ್ಲೇ ಒತ್ತಬೇಕಾಯಿತು. ಇವತ್ತಿನ ಈ ಮಾತುಗಳನ್ನು ಕನ್ನಡದಲ್ಲೇ ಟೈಪ್ ಮಾಡಿ ತಂದಿದ್ದೇನೆ. ಆ ಕೀಲಿಮಣೆಯ ವಿನ್ಯಾಸ ನಮ್ಮ ನಾಡಿನವರೇ ಆದ ಕೆ. ಪಿ. ರಾವ್ ಅವರದು.

ಶಾಲೆಗೆ ಹೊಸ ಕಂಪ್ಯೂಟರ್ ಕೊಡಿಸಲು ನಾವು ಹಳೆಯ ವಿದ್ಯಾರ್ಥಿಗಳು ಒಪ್ಪಿದ್ದೇವೆ. ಗುರುಗಳಲ್ಲಿ ಒಂದೇ ಬಿನ್ನಹ: ಕೋಣೆಗೆ ಹಗಲು ಬೀಗ ಬೇಡ. ಕೆಟ್ಟರೆ ರಿಪೇರಿ ಖರ್ಚು ನಮ್ಮದು. ಮೂಲೆ ಸೇರಿರುವ ಹಳೆಯ ಸಿಪಿಯುಗಳನ್ನೂ ಗುಜರಿಗೆ ಹಾಕಬೇಡಿ. ಕರೆಂಟ್ ಕಿತ್ತು, ನೀವು ಪಕ್ಕದಲ್ಲಿದ್ದು, ಮಕ್ಕಳ ಕೈಯಲ್ಲೇ ಬಿಚ್ಚಿಸಿ. ಒಳಗೇನಿದೆ ಎಂದು ಕಂಡ ಮಗು ಅದಕ್ಕೆ ಹೆದರುವುದಿಲ್ಲ.