ಮನೆಯೊಳಗಿನ ಲಿಫ್ಟು

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿಯೂ ಈಗ ಮಹಡಿ ಮನೆ ಕಟ್ಟಿಸುವವರಿದ್ದಾರೆ. ಗೃಹಪ್ರವೇಶದ ದಿನ ಮೆಟ್ಟಿಲು ಯಾರಿಗೂ ಭಾರವಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ನೋಡಿ: ಮಂಡಿನೋವಿನ ಹಿರಿಯರು ತಾವೇ ಕಟ್ಟಿಸಿದ ಮನೆಯ ಅರ್ಧವನ್ನು ಕಾಣದೆ ದಿನ ಕಳೆಯುತ್ತಾರೆ. ಲಿಫ್ಟು ಆಡಂಬರವೆನ್ನುವವರು ಇದನ್ನು ಯೋಚಿಸಬೇಕು.

ಹಗ್ಗ ಹರಿದರೇನು ಗತಿ ಎಂಬುದು ಹಳೆಯ ಭಯ. 1854ರಲ್ಲಿ ಎಲೈಷಾ ಓಟಿಸ್ ಎಂಬಾತ ನ್ಯೂಯಾರ್ಕಿನ ಪ್ರದರ್ಶನವೊಂದರಲ್ಲಿ ತಾನೇ ಲಿಫ್ಟಿನ ಮೇಲೆ ನಿಂತು ಹಗ್ಗ ಕಡಿಸಿದ. ಹಗ್ಗದ ಬಿಗಿ ತಪ್ಪಿದೊಡನೆ ತಡೆ ಕಚ್ಚಿಕೊಂಡು ಲಿಫ್ಟು ನಿಂತಿತು. ಇಂದಿನ ಲಿಫ್ಟಿಗೂ ಬೀಳದಂತೆ ಹಿಡಿಯುವ ಏರ್ಪಾಡು ಇರಲೇಬೇಕು.

ಬಾಗಿಲ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಲಿಫ್ಟು ಎದುರಿಗಿಲ್ಲದಾಗ ಅದು ತೆರೆಯಕೂಡದು; ತೆರೆದಿರುವಾಗ ಲಿಫ್ಟು ಚಲಿಸಕೂಡದು. ಕರೆಂಟು ಹೋದರೆ ಹತ್ತಿರದ ಅಂತಸ್ತಿಗೆ ಮುಟ್ಟಿಸಲು ಬ್ಯಾಟರಿಯಿರಲಿ. ನಮ್ಮ ರಾಜ್ಯದಲ್ಲಿ ಲಿಫ್ಟುಗಳಿಗೆ 2012ರ ಕಾಯಿದೆಯಿದೆ. ಮೊದಲೇ ವಿದ್ಯುತ್ ಪರಿವೀಕ್ಷಣಾಲಯದಲ್ಲಿ ವಿಚಾರಿಸಿ. ಕೆಟ್ಟ ದಿನ ರಿಪೇರಿಯವರು ಯಾವ ಊರಿನಿಂದ ಬರಬೇಕು ಎಂಬುದನ್ನೂ ಮಾರುವವರನ್ನು ಕೇಳಿ.

ಈಗಲೇ ಹಣವಿಲ್ಲವೆ? ಚಿಂತೆಯಿಲ್ಲ. ಪಾಯ ತೋಡುವಾಗಲೇ, ಕೆಳಗೂ ಮೇಲೂ ಒಂದೇ ನೇರಕ್ಕೆ ಬರುವಂತೆ ಜಾಗ ಗುರುತಿಸಿ, ಮುಂದೆ ಒಡೆಯಬೇಕಾದ ಕಡೆ ತೊಲೆ ಬಾರದಂತೆ ಎಂಜಿನಿಯರಿಗೆ ಹೇಳಿ. ಅಗತ್ಯ ಬರುವವರೆಗೆ ಅಲ್ಲಿ ಅಡಿಕೆ ಮೂಟೆ, ತೆಂಗಿನಕಾಯಿ ಇಟ್ಟುಕೊಳ್ಳಬಹುದು.