ಬಾರದ ಆಗಮ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರು. ಮಂಜು ಕವಿದ ಬೆಳಗ್ಗೆ ತಪ್ಪಲಿನಲ್ಲಿ ನಿಂತರೆ ಬೆಟ್ಟ ಕಾಣುವುದಿಲ್ಲ. ಕಾಣದಿದ್ದ ಮಾತ್ರಕ್ಕೆ ಬೆಟ್ಟವೇ ಇಲ್ಲವೆಂದು ಯಾರೂ ಹೇಳರು. ಯಂತ್ರಗಳ ವಿಷಯದಲ್ಲಿ ಮಾತ್ರ ನಮಗೆ ಅಷ್ಟು ತಾಳ್ಮೆಯಿಲ್ಲ.

ಈ ಸೀಮೆಯ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಹೇಳಿಕೊಡುವವನು. ಶಾಲೆಯ ಲಿನಕ್ಸ್ ಕಂಪ್ಯೂಟರಿನ ಹೊಣೆಯೂ ಹೇಗೋ ನನ್ನ ಕೊರಳಿಗೆ ಬಿದ್ದಿತ್ತು. ಒಂದು ದಿನ ಅದರ ಅಂತರಜಾಲ ನಿಂತಿತು. ಮಕ್ಕಳ ವಿದ್ಯಾರ್ಥಿವೇತನದ ಅರ್ಜಿಗಳಿಗೆ ಮಾರನೆಯ ದಿನವೇ ಕಡೆಯ ದಿನ. ನೋಡಲು ಬಂದವರು, “ನೆಟ್‌ವರ್ಕ್ ಕಾರ್ಡು ಹೋಗಿದೆ, ಹೊಸದು ತರಿಸಿ ಮೇಷ್ಟ್ರೇ” ಎಂದು ಹೇಳಿ ಹೊರಟರು.

ಲಿನಸ್ ಟೋರ್ವಾಲ್ಡ್ಸ್ ಎಂಬಾತ 1991ರಲ್ಲಿ ಆರಂಭಿಸಿದ ಲಿನಕ್ಸಿನ ತಿರುಳಿಗೆ ಕರ್ನಲ್ ಎಂದು ಹೆಸರು. ಕಾರ್ಡು ಮೊದಲಾದ ಸಾಧನಗಳನ್ನು ನಡೆಸುವ ಮಾಡ್ಯೂಲುಗಳಲ್ಲಿ ಬಹುಪಾಲು ಅದಕ್ಕೆ ಬೇಕಾದಾಗ ಬಂದು ಸೇರುತ್ತವೆ. ‘ಮನೆ’ಗೆ ‘ಅನ್ನು’ ಸೇರುವಾಗ ನಡುವೆ ಯಕಾರ ತಾನಾಗಿ ಬಂದು ‘ಮನೆಯನ್ನು’ ಆಗುವುದಿಲ್ಲವೇ? ಅದೇ ಆಗಮ. ಸಾಧನ ತನ್ನ ಗುರುತಿನ ಸಂಖ್ಯೆಯನ್ನು ಹೇಳುತ್ತದೆ. ಆ ಸಂಖ್ಯೆಗೆ ಒಪ್ಪುವ ಮಾಡ್ಯೂಲನ್ನು ಪಟ್ಟಿಯಲ್ಲಿ ಹುಡುಕಿ ‘ಮಾಡ್‌ಪ್ರೋಬ್’ ಕರೆತರುತ್ತದೆ.

ಆಗಮವೇ ಬಾರದಿದ್ದರೆ? ಸಂಧಿ ಬಿಡಿಸುವಂತೆ ಒಂದೊಂದಾಗಿ ಕೇಳಬೇಕು. ಕಾರ್ಡು ಇದೆಯೇ? ‘ಎಲ್‌ಎಸ್‌ಪಿಸಿಐ’ ಆಜ್ಞೆ ಇದೆಯೆಂದಿತು. ಅದಕ್ಕೆ ‘ಹೈಫನ್ ಕೆ’ ಸೇರಿಸಿ ಕೇಳಿದೆ: ತಕ್ಕ ಮಾಡ್ಯೂಲಿನ ಹೆಸರು ಬಂತು, ಬಳಕೆಯಲ್ಲಿರುವ ಚಾಲಕ ಯಾವುದೆಂದು ಹೇಳುವ ಸಾಲು ಬರಲಿಲ್ಲ. ‘ಎಲ್‌ಎಸ್‌ಮಾಡ್’ ಪಟ್ಟಿಯಲ್ಲೂ ಆ ಮಾಡ್ಯೂಲು ಇರಲಿಲ್ಲ. ಕೊನೆಗೆ ಮಾಡ್‌ಪ್ರೋಬಿಗೆ ಅದರ ಹೆಸರನ್ನೇ ಹೇಳಿ ಕರೆದೆ. ಸಂಪರ್ಕ ಬಂದೇಬಿಟ್ಟಿತು! ಹೆಸರು ಹಿಡಿದು ಕರೆದರೆ ಬರುತ್ತದೆ, ತಾನಾಗಿ ಬಾರದು; ಎಂದರೆ ಎಲ್ಲಿಯೋ ನಿಷೇಧವಿದೆ. ವ್ಯಾಕರಣದಲ್ಲೂ ಸಂಧಿ ಕೂಡದೆನ್ನುವ ಪ್ರಕೃತಿಭಾವ ಉಂಟಷ್ಟೆ.

‘ಮಾಡ್‌ಪ್ರೋಬ್ ಡಾಟ್ ಡಿ’ ಎಂಬ ಕಡತಕೋಶದಲ್ಲಿ ಹುಡುಕಿದೆ. ಆ ಮಾಡ್ಯೂಲಿನ ಹೆಸರಿನ ಹಿಂದೆ ‘ಬ್ಲ್ಯಾಕ್‌ಲಿಸ್ಟ್’ ಎಂದು ಬರೆದಿತ್ತು. ಬರೆದವರು ಯಾರು? ನಾನೇ! ಹಿಂದೊಮ್ಮೆ ಸಂಪರ್ಕ ನಿಧಾನವಾಗಿದೆಯೆಂದು ಹೊರಗಿನ ಚಾಲಕವೊಂದನ್ನು ತಂದು ಕೂರಿಸಿ, ಕರ್ನಲಿನದೇ ಆದ ಮಾಡ್ಯೂಲನ್ನು ತಡೆದಿದ್ದೆ, ಆಮೇಲೆ ಮರೆತಿದ್ದೆ. ಈಚೆಗೆ ಕರ್ನಲ್ ಹೊಸದಾಯಿತು. ಪ್ರತಿಯೊಂದು ಕರ್ನಲಿಗೂ ಮಾಡ್ಯೂಲುಗಳ ಕೋಶ ಬೇರೆ. ಹೊರಗಿನದು ಹಳೆಯ ಕೋಶದಲ್ಲೇ ಉಳಿಯಿತು. ಮನೆಯದನ್ನು ನಾನೇ ಬಾಗಿಲಲ್ಲಿ ತಡೆದಿದ್ದೆ. ಹೀಗೆ ಎರಡೂ ಇಲ್ಲವಾಗಿದ್ದುವು.

ಆ ಸಾಲನ್ನು ತೆಗೆದು ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದೆ. ಮಾಡ್ಯೂಲು ತಾನಾಗಿ ಬಂತು. ಅರ್ಜಿಗಳು ಆ ಸಂಜೆಯೇ ಹೋದುವು. ಕಾರ್ಡು ಇಂದಿಗೂ ಅದೇ.

ಈಗ ಕಂಪ್ಯೂಟರಿನ ಪಕ್ಕದಲ್ಲಿ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಯಾವ ಸಾಲನ್ನು ಸೇರಿಸಿದರೂ ತಾರೀಕು, ಕಾರಣ ಎರಡನ್ನೂ ಅದರಲ್ಲಿ ಬರೆಯಬೇಕೆಂಬುದು ಕಟ್ಟಳೆ. ಮೊದಲ ಪುಟದಲ್ಲಿರುವುದು ಮೇಷ್ಟ್ರ ತಪ್ಪೇ. ಮಕ್ಕಳು ಅದನ್ನು ಬಲು ಶ್ರದ್ಧೆಯಿಂದ ಓದುತ್ತಾರೆ.