ಗಣಕಯಂತ್ರದ ನೆನಪಿನ ಪುಟಗಳು: ಎರವಲು ಮತ್ತು ಹೊಣೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಂದ ಬಂದಿರುವ ನನ್ನ ಪ್ರೀತಿಯ ವಿದ್ಯಾರ್ಥಿಗಳೇ,

ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ಗಣಕಯಂತ್ರದ ಒಳಗಿನ ಗೊಡವೆ ಏಕೆ ಎಂದು ತಾವು ಕೇಳಬಹುದು. ಕಾರಣವಿದೆ. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು ನಮ್ಮ ಹಿರಿಯರ ಪಹಣಿಗಳು ಕೈಬರಹದ ಪುಸ್ತಕ ಬಿಟ್ಟು ಗಣಕಯಂತ್ರ ಸೇರಿದವು. ಆಮೇಲೆ ಆದಾಯ ಪ್ರಮಾಣಪತ್ರ ಹೋಯಿತು, ವಿದ್ಯಾರ್ಥಿವೇತನದ ಅರ್ಜಿ ಹೋಯಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ನಮ್ಮ ಉಳಿದ ತಾಲ್ಲೂಕುಗಳೊಂದಿಗೆ ವಿಜಯನಗರ ಜಿಲ್ಲೆಯಾಯಿತು. ಜಿಲ್ಲೆ ಯಾವುದಾದರೂ ನಮ್ಮ ಹೆಸರು, ನಮ್ಮ ಹೊಲ, ನಮ್ಮ ಅಂಕಪಟ್ಟಿ ಇಂದು ಎಲ್ಲೋ ದೂರದ ಯಂತ್ರದಲ್ಲಿದೆ. ಅಲ್ಲಿ ಅದನ್ನು ಹೇಗೆ ಕಾಯುತ್ತಾರೆ ಎಂದು ತಿಳಿಯುವ ಹಕ್ಕು ನಮಗಿದೆ.

ದೊಡ್ಡ ಸರ್ವರ್ ಒಂದನ್ನು ಒಬ್ಬರೇ ಬಳಸುವುದು ಈಗ ಅಪರೂಪ. ಒಂದೇ ಯಂತ್ರದೊಳಗೆ ಹತ್ತಾರು ‘ಅತಿಥಿ ಯಂತ್ರ’ಗಳು ಓಡುತ್ತವೆ. ಪ್ರತಿಯೊಂದೂ ತಾನೇ ಪೂರ್ತಿ ಕಂಪ್ಯೂಟರ್ ಎಂದುಕೊಂಡಿರುತ್ತದೆ. ಇದನ್ನು ಸಾಧ್ಯ ಮಾಡುವ ತಂತ್ರಾಂಶಗಳಲ್ಲಿ ‘ಕ್ಸೆನ್’ ಹೆಸರಾದದ್ದು. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. 2003ರಲ್ಲಿ ಅದರ ಪ್ರಬಂಧ ಪ್ರಕಟವಾಯಿತು. ಅಮೆಜಾನ್ ಕಂಪನಿ 2006ರಲ್ಲಿ ಬಾಡಿಗೆ ಸರ್ವರ್ ಸೇವೆ ಆರಂಭಿಸಿದ್ದು ಇದರ ಮೇಲೆಯೇ. ಇದರ ಸಂಕೇತ, ಅಂದರೆ ಪ್ರೋಗ್ರಾಮಿನ ಬರಹ, ಯಾರಾದರೂ ಓದಬಹುದಾದದ್ದು. ಅದಕ್ಕೇ ಉದಾಹರಣೆಗೆ ಇದನ್ನು ಆರಿಸಿಕೊಂಡೆ.

ಈಗ ನಮ್ಮೂರಿನ ಒಂದು ವಠಾರ ನೆನೆಯಿರಿ. ಹತ್ತು ಮನೆ, ಒಂದೇ ಬಾವಿ. ಬಾವಿಯ ಹಗ್ಗ ಮುಟ್ಟುವ ಅಧಿಕಾರ ಒಬ್ಬನಿಗೆ ಮಾತ್ರ. ಬಾವಿ ಎಂದರೆ ಹಾರ್ಡ್ ಡಿಸ್ಕ್. ಮನೆಗಳು ಅತಿಥಿ ಯಂತ್ರಗಳು. ನೀರು ಸೇದುವವನು ‘ಬ್ಲಾಕ್‌ಬ್ಯಾಕ್’ ಎಂಬ ಡ್ರೈವರ್. ಪ್ರತಿ ಮನೆಯ ಬಾಗಿಲಲ್ಲಿ ನಿಂತು ಬೇಡಿಕೆ ಕಳಿಸುವವನು ‘ಬ್ಲಾಕ್‌ಫ್ರಂಟ್’. ಕೊಡ ಯಾವುದು? ನೆನಪಿನ ಪುಟ. ಗಣಕಯಂತ್ರ ತನ್ನ ಮೆಮೊರಿಯನ್ನು ಸಮನಾದ ಪುಟಗಳಾಗಿ ಹಂಚಿಕೊಂಡಿರುತ್ತದೆ. ಸಾಮಾನ್ಯವಾಗಿ ಒಂದು ಪುಟಕ್ಕೆ 4096 ಬೈಟ್. ಒಂದು ಗಿಗಾಬೈಟ್ ಮೆಮೊರಿಯಲ್ಲಿ 2,62,144 ಪುಟಗಳು.

ಒಂದು ಮನೆಯವರು ಇನ್ನೊಂದು ಮನೆಗೆ ನುಗ್ಗುವಂತಿಲ್ಲ. ಸೇದುವವನೂ ಹೇಳದೆ ಕೇಳದೆ ಕೊಡ ಎತ್ತುವಂತಿಲ್ಲ. ಆದ್ದರಿಂದ ಅತಿಥಿ ಯಂತ್ರ ಒಂದು ಪಟ್ಟಿಯಲ್ಲಿ ಬರೆಯುತ್ತದೆ: ಈ ಪುಟವನ್ನು ಇಂಥವರು ಮುಟ್ಟಬಹುದು, ಓದಲು ಮಾತ್ರ ಅಥವಾ ಬರೆಯಲೂ ಸಹ. ಇದಕ್ಕೆ ‘ಗ್ರಾಂಟ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಪರವಾನಗಿ. ಮೊದಲಿನ ವ್ಯವಸ್ಥೆಯಲ್ಲಿ ಒಂದು ಬೇಡಿಕೆಯ ಚೀಟಿಗೆ ಹೆಚ್ಚೆಂದರೆ 11 ಪುಟ, ಅಂದರೆ 44 ಕಿಲೋಬೈಟ್. ಸಾಲಿನಲ್ಲಿ ಒಮ್ಮೆಗೆ 32 ಚೀಟಿ. ಗುಣಿಸಿದರೆ 352 ಪುಟ.

ತೊಂದರೆ ಶುರುವಾಗುವುದು ಕೊಡ ಹಿಂದಿರುಗಿಸುವಾಗ. ಯಂತ್ರದ ಪ್ರತಿ ಪ್ರೊಸೆಸರ್ ಯಾವ ಪುಟ ಎಲ್ಲಿದೆ ಎಂಬ ಚಿಕ್ಕ ಪಟ್ಟಿಯನ್ನು ತನ್ನ ಜೇಬಿನಲ್ಲಿ ಇಟ್ಟುಕೊಂಡಿರುತ್ತದೆ. ಪುಟ ಮರಳಿಸಿದಾಗ ಆ ಪಟ್ಟಿಯಿಂದಲೂ ಅದನ್ನು ಅಳಿಸಬೇಕು. ಇಲ್ಲವಾದರೆ ತನ್ನದಲ್ಲದ ಪುಟಕ್ಕೆ ಕೈ ಹಾಕಿದಂತೆ. ಮನೆಗಳು ಹೆಚ್ಚಿದಂತೆ ಈ ಅಳಿಸುವ ಕೆಲಸವೇ ನೀರು ಸೇದುವ ಕೆಲಸವನ್ನು ಮೀರಿತು.

2012ರಲ್ಲಿ ಒಂದು ಉಪಾಯ ಬಂತು. 2013ರ ಫೆಬ್ರವರಿಯಲ್ಲಿ ಬಿಡುಗಡೆಯಾದ ಲಿನಕ್ಸ್ 3.8ರಲ್ಲಿ ಅದು ಸೇರಿತು. ಪ್ರತಿ ಸಲ ಕೊಡ ಮರಳಿಸುವುದೇ ಬೇಡ, ಒಂದಿಷ್ಟು ಕೊಡ ಬಾವಿಯ ಕಟ್ಟೆಯ ಮೇಲೆಯೇ ಇರಲಿ ಎಂದರು. ಹೀಗೆ ಉಳಿಸಿಕೊಂಡ ಪರವಾನಗಿಗೆ ‘ಪರ್ಸಿಸ್ಟೆಂಟ್ ಗ್ರಾಂಟ್’ ಎಂದು ಹೆಸರು. ಮನೆಯವರು ಕಟ್ಟೆಯ ಕೊಡದಿಂದ ತಮ್ಮ ಕೊಡಕ್ಕೆ ಸುರಿದುಕೊಳ್ಳಬೇಕು. ಅಂದರೆ ದತ್ತಾಂಶವನ್ನು ಪ್ರತಿ ಮಾಡಿಕೊಳ್ಳಬೇಕು. ಸುರಿಯುವ ಶ್ರಮ ಹೊಸದು, ಆದರೆ ಪದೇ ಪದೇ ಅಳಿಸುವ ಶ್ರಮಕ್ಕಿಂತ ಅದು ಹಗುರ.

ಆದರೆ ಎಲ್ಲರೂ ಕೊಡ ಬಿಟ್ಟು ಹೋದರೆ ಕಟ್ಟೆಯಲ್ಲಿ ಜಾಗವೆಲ್ಲಿ? 2013ರಲ್ಲೇ ಮಿತಿ ಹಾಕಿದರು: 1056. ಈ ಸಂಖ್ಯೆ ಸುಮ್ಮನೆ ಬಂದದ್ದಲ್ಲ. ಹೊಸ ಪದ್ಧತಿಯಲ್ಲಿ ಒಂದು ಚೀಟಿಗೆ 32 ಪುಟ. 32 ಚೀಟಿಗೆ 1024. ಪುಟಗಳ ಪಟ್ಟಿ ಬರೆಯಲು ಚೀಟಿಗೊಂದರಂತೆ ಇನ್ನೂ 32. ಮಿತಿ ಮೀರಿದರೆ ಬಹಳ ಹೊತ್ತಿನಿಂದ ಬಳಸದೆ ಬಿದ್ದ ಕೊಡ ಮೊದಲು ಹೊರಗೆ. ಆದರೂ ಮಿತಿಯೊಳಗೇ ಇದ್ದ ಕೊಡಗಳು ಬಳಕೆಯಿಲ್ಲದೆ ಕೂತಿರುತ್ತಿದ್ದವು. 2018ರಲ್ಲಿ ಅದಕ್ಕೂ ನಿಯಮ ಬಂತು: ಒಂದು ನಿಮಿಷ ಯಾರೂ ಮುಟ್ಟದ ಕೊಡ ಮನೆಗೆ ವಾಪಸ್.

ಇನ್ನೊಂದು ಸಂಗತಿ. ನೀರು ಸೇದುವವನೂ ತನ್ನ ಬಳಿ ಖಾಲಿ ಪುಟಗಳ ದಾಸ್ತಾನು ಇಟ್ಟುಕೊಳ್ಳುತ್ತಾನೆ. ಒಂದು ಅತಿಥಿ ಯಂತ್ರ ಲೆಕ್ಕವಿಲ್ಲದಷ್ಟು ಡಿಸ್ಕ್ ಜೋಡಿಸಿಕೊಂಡರೆ ಆ ದಾಸ್ತಾನು ಬೆಳೆದು, ಎಲ್ಲರನ್ನೂ ನಡೆಸುವ ಮೂಲ ವ್ಯವಸ್ಥೆಗೇ ಮೆಮೊರಿ ಸಾಲದಂತಾಗುತ್ತದೆ. ಒಬ್ಬನ ದುರಾಸೆಗೆ ವಠಾರವೆಲ್ಲ ಬಾಯಾರಬೇಕು. 2020ರಲ್ಲಿ ಬಂದ ಲಿನಕ್ಸ್ 5.6ರಲ್ಲಿ ಇದಕ್ಕೆ ಪರಿಹಾರ ಸೇರಿತು: ಮೆಮೊರಿಯ ಬರ ಕಂಡ ಕೂಡಲೇ 10 ಮಿಲಿಸೆಕೆಂಡ್ ಕಾಲ ದಾಸ್ತಾನು ಕೂಡಿಡದೆ ಬಿಟ್ಟುಕೊಡಬೇಕು. ಸೆಕೆಂಡಿನ ನೂರನೆಯ ಒಂದು ಭಾಗ! ಕೂಡ್ಲಿಗಿಯ ಬರ ಕಂಡ ನಮಗೆ ಇದರ ನ್ಯಾಯ ಬೇಗ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು 2022ರ ಜುಲೈನಲ್ಲಿ ಹೊರಬಿತ್ತು. ಲಿನಕ್ಸ್‌ನ ಅತಿಥಿ ಕಡೆಯ ಡ್ರೈವರುಗಳು ಪುಟವನ್ನು ಹಂಚಿಕೊಳ್ಳುವ ಮೊದಲು ಅದರಲ್ಲಿ ಸೊನ್ನೆ ತುಂಬಿ ಅಳಿಸುತ್ತಿರಲಿಲ್ಲ. ಹಿಂದೆ ಅದೇ ಪುಟದಲ್ಲಿದ್ದ ಮಾಹಿತಿ ಹಾಗೆಯೇ ಎದುರಿನವರ ಕೈಗೆ ಸಿಗಬಹುದಿತ್ತು. ಗಡಿಗೆಯಲ್ಲಿ ಮನೆಯ ಹಣ, ಕಾಗದ ಬಚ್ಚಿಟ್ಟು, ಮರೆತು ಅದನ್ನೇ ಬಾವಿಗೆ ಕಳಿಸಿದಂತೆ. ಇನ್ನೊಂದು ದೋಷವೂ ಇತ್ತು. ಪರವಾನಗಿ ಕೊಡುವುದಾದರೆ ಇಡೀ ಪುಟಕ್ಕೇ ಕೊಡಬೇಕು. 512 ಬೈಟ್ ಹಂಚಬೇಕಾದರೂ 4096 ಬೈಟ್ ತೆರೆದಂತೆ; ಉಳಿದ 3584 ಬೈಟಿನಲ್ಲಿ ಸಂಬಂಧವಿಲ್ಲದ ಗುಟ್ಟೇನಿದೆಯೋ! ಮೊದಲನೆಯದಕ್ಕೆ ಪರಿಹಾರ, ಅಳಿಸಿ ಕೊಡುವುದು. ಎರಡನೆಯದಕ್ಕೆ, ಎದುರಿನವರ ಮೇಲೆ ನಂಬಿಕೆಯಿಲ್ಲದಿದ್ದಾಗ ಬೇಕಾದಷ್ಟನ್ನೇ ಬೇರೆ ಶುಭ್ರ ಪುಟಕ್ಕೆ ಪ್ರತಿ ಮಾಡಿ ಕೊಡುವುದು.

ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಕನ್ನಡದ ಕಚೇರಿಗೆ ಬಂದು ಅದೇ ಪದ ‘ಅಮಾನತು’ ಆದಾಗ ನೌಕರನನ್ನು ಕೆಲಸದಿಂದ ತಡೆಹಿಡಿಯುವುದು ಎಂದಾಯಿತು. ಬ್ಲಾಕ್‌ಬ್ಯಾಕ್‌ನ ಕೈಯಲ್ಲಿರುವ ಪುಟಕ್ಕೆ ಎರಡು ಅರ್ಥವೂ ಹೊಂದುತ್ತವೆ. ಅದು ಒಪ್ಪಿಸಿದ ವಸ್ತು. ಹೊತ್ತು ಮೀರಿ ಇಟ್ಟುಕೊಂಡರೆ ತಡೆಹಿಡಿದ ವಸ್ತು. ಇಲ್ಲಿ ತಪ್ಪಿದರೆ ಕೆಡುವುದು ಯಂತ್ರ ಮಾತ್ರವಲ್ಲ. ಒಂದು ಹೆಣ್ಣುಮಗಳ ಅರ್ಜಿ ಕೊನೆಯ ದಿನ ನಿಂತುಹೋಗಬಹುದು, ಒಬ್ಬ ರೈತನ ಖಾತೆಯ ಮಾಹಿತಿ ಬೇರೆಯವರ ಕಣ್ಣಿಗೆ ಬೀಳಬಹುದು.

ವಿದ್ಯಾರ್ಥಿಗಳೇ, ನಮ್ಮ ತಾಲ್ಲೂಕುಗಳಲ್ಲಿ ಕಂಪ್ಯೂಟರ್ ಕಲಿತೆ ಎಂದರೆ ಟೈಪಿಂಗ್ ಕಲಿತೆ, ಅರ್ಜಿ ತುಂಬಲು ಕಲಿತೆ ಎಂದೇ ಆಗಿದೆ. ಅದು ಹೊಟ್ಟೆಪಾಡಿಗೆ ಒಳ್ಳೆಯದೇ. ಅಲ್ಲಿಗೇ ನಿಲ್ಲಬೇಡಿ. ನಾನು ಹೇಳಿದ ಡ್ರೈವರ್ ಸಿ ಭಾಷೆಯಲ್ಲಿದೆ. ಲಿನಕ್ಸ್ ಮೂಲದೊಳಗೆ ಡ್ರೈವರ್ಸ್, ಅದರೊಳಗೆ ಬ್ಲಾಕ್, ಅದರೊಳಗೆ ಕ್ಸೆನ್-ಬ್ಲಾಕ್‌ಬ್ಯಾಕ್ ಎಂಬ ಫೋಲ್ಡರಿನಲ್ಲಿದೆ. ಯಾರ ಅಪ್ಪಣೆಯೂ ಬೇಡ, ಶುಲ್ಕವೂ ಇಲ್ಲ. ಮೊದಲ ಓದಿಗೆ ಹತ್ತು ಸಾಲು ತಿಳಿದರೂ ಸಾಕು. 11ನ್ನು 32ರಿಂದ ಗುಣಿಸಬಲ್ಲವರು ಬಾಗಿಲವರೆಗೆ ಬಂದಾಗಿದೆ.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಐದು ಊರಿಗೂ ಒಂದೊಂದು ಹಳೆಯ ಕಂಪ್ಯೂಟರ್ ಹೊಂದಿಸಿ, ಅದರಲ್ಲಿ ಲಿನಕ್ಸ್ ಹಾಕಿಸಿ. ಯಂತ್ರದೊಳಗೆ ಯಂತ್ರ ಓಡಿಸಿ ನೋಡಲು ಉಚಿತ ತಂತ್ರಾಂಶಗಳಿವೆ. ವಾರಕ್ಕೊಂದು ಸಂಜೆ ಹುಡುಗರೂ ಹುಡುಗಿಯರೂ ಅಲ್ಲಿ ಕೂತು ಓದಲಿ, ಕೆಡಿಸಲಿ, ಸರಿಪಡಿಸಲಿ. ನಮ್ಮ ಪಹಣಿ, ನಮ್ಮ ಅಂಕಪಟ್ಟಿ ಹೋಗಿ ಸೇರುವ ಯಂತ್ರದ ಪುಟಗಳನ್ನು ಕಾಯುವವರಲ್ಲಿ ನಮ್ಮ ಮಕ್ಕಳೂ ಇರಲಿ.